ಹೊಳೆಯ ಮಡುವಿಗೆ ಯಾವ ಕಾವಲು? ನೆರೆಯ ದೇಶಗಳ ಕಡಲ ಕಾಯ್ದೆಗಳಿಂದ ಮಲೆನಾಡು ಆಯ್ದುಕೊಳ್ಳಬಹುದಾದದ್ದು

ಮೂಡಿಗೆರೆ, ಕೊಪ್ಪ, ಸಕಲೇಶಪುರ, ಅರಕಲಗೂಡು ಕಡೆಯ ಓದುಗರಿಂದ ಈಚೆಗೆ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಬರುತ್ತಿದೆ. ನಮ್ಮೂರ ಹೊಳೆಯಲ್ಲಿ ಒಂದು ಮಡುವನ್ನು ಮೀನಿಗೇ ಬಿಟ್ಟುಬಿಡೋಣ ಅಂತ ಮಾತಾಡಿಕೊಂಡಿದ್ದೇವೆ, ತೋಟೆ (ಸಿಡಿಮದ್ದು) ಹಾಕೋರು, ಬ್ಲೀಚಿಂಗ್ ಪೌಡರ್ ಸುರಿಯೋರು ನಿಲ್ಲಬೇಕು. ಅದಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡೋದಾ, ಗ್ರಾಮಸಭೆಯಲ್ಲಿ ಠರಾವು ಮಾಡೋದಾ, ಹೋಮ್‌ಸ್ಟೇಯವರಿಂದ ದುಡ್ಡು ಎತ್ತಿ ಕಾವಲಿಗೆ ಜನ ಇಡೋದಾ? ಊರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು.

ನಾನು ಇದಕ್ಕೆ ಕಡಲ ಕಡೆ ನೋಡಿ ಅನ್ನುತ್ತೇನೆ. ಬೇಲಿ ಹಾಕಲಾಗದ ನೀರನ್ನು ಕಾಯುವುದು ಹೇಗೆ ಎಂಬ ಸಮಸ್ಯೆಯನ್ನು ನಮ್ಮ ಸುತ್ತಲಿನ ಕರಾವಳಿ ದೇಶಗಳು ನಲವತ್ತು ವರ್ಷಗಳಿಂದ ಎದುರಿಸುತ್ತಿವೆ. ಭಾರತ, ಶ್ರೀಲಂಕಾ, ಮಾಲ್ಡೀವ್ಸ್, ಬಾಂಗ್ಲಾದೇಶ ನಾಲ್ಕೂ ಬೇರೆ ಬೇರೆ ದಾರಿ ಹಿಡಿದಿವೆ, ಕೆಲವು ಕಡೆ ಗೆದ್ದಿವೆ, ಹಲವು ಕಡೆ ಸೋತಿವೆ. ಆ ಕಡಲು ನಮಗೆ ದೂರದ್ದೂ ಅಲ್ಲ. ಗಂಗಾಮೂಲದ ಸುತ್ತ ಹುಟ್ಟುವ ನೇತ್ರಾವತಿ ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತಾಳೆ. ಅಲ್ಲೇ ಹುಟ್ಟಿದ ತುಂಗೆ, ಭದ್ರೆ ಕೃಷ್ಣೆಯ ಮೂಲಕ, ಮೂಡಿಗೆರೆ ತಾಲ್ಲೂಕಿನ ಹೇಮಾವತಿ ಕಾವೇರಿಯ ಮೂಲಕ ಬಂಗಾಳಕೊಲ್ಲಿಗೆ ಹೋಗುತ್ತವೆ.

ಮೀನನ್ನು ಬಿಟ್ಟುಕೊಡುವುದು ನಮಗೆ ಹೊಸದಲ್ಲ ಅನ್ನುವುದನ್ನೂ ನೆನಪಿಡಬೇಕು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಒಂದು ಹಿಡಿ ಮಂಡಕ್ಕಿ ಎಸೆದರೆ ಮೊಣಕೈ ಉದ್ದದ ಮೀನುಗಳು ಒಂದರ ಬೆನ್ನ ಮೇಲೊಂದು ಬಿದ್ದು ಬರುತ್ತವೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮೀನಿಗೂ ಅದೇ ಅಭಯ. ಎರಡೂ ಕಡೆ ಕಾಯುತ್ತಿರುವುದು ಭಕ್ತಿ, ಮತ್ತು ದಿನವಿಡೀ ದಡದಲ್ಲಿ ಇರುವ ಜನರ ಕಣ್ಣು. ದೇವಸ್ಥಾನವೂ ಇಲ್ಲದ, ಜನಸಂಚಾರವೂ ಇಲ್ಲದ ಮಡುವಿಗೆ ಬೇರೆ ಏರ್ಪಾಡು ಬೇಕು.

ಮೊದಲು ಅಳತೆಗೋಲು

ಯಾವ ಮಾದರಿಯನ್ನೇ ನೋಡಿ, ಮೊದಲು ಕೇಳಬೇಕಾದದ್ದು: ಘೋಷಣೆ ಮಾಡುವ ಅಧಿಕಾರ ಯಾರದು, ಮತ್ತು ಅದನ್ನು ಕಿತ್ತುಹಾಕುವುದು ಎಷ್ಟು ಸುಲಭ? ಪಂಚಾಯಿತಿ ಠರಾವು ಬೇಗ ಆಗುತ್ತದೆ, ಮುಂದಿನ ಚುನಾವಣೆಗೆ ಬೇಗ ಮರೆತೂ ಹೋಗುತ್ತದೆ. ಗೆಜೆಟ್ ಅಧಿಸೂಚನೆಗೆ ವರ್ಷಗಟ್ಟಲೆ ಹಿಡಿಯಬಹುದು, ಆದರೆ ಒಮ್ಮೆ ಬಂದರೆ ಅಲ್ಲಾಡಿಸುವುದು ಕಷ್ಟ.

ಎರಡನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಮೀನು ಹಿಡಿಯಬಾರದು ಅಂದ ದಿನ ಯಾರ ಮನೆಯ ಒಲೆಗೆ ಹೊಡೆತ ಬೀಳುತ್ತದೆ, ಅವರಿಗೆ ಬದಲಿಗೆ ಏನು ಕೊಡುತ್ತೀರಿ? ಈ ಪ್ರಶ್ನೆಗೆ ಉತ್ತರವಿಲ್ಲದ ಸಂರಕ್ಷಣೆ ಎಲ್ಲೂ ಬಹಳ ಕಾಲ ನಿಂತಿಲ್ಲ. ನಿಂತ ಕಡೆ ಪೊಲೀಸರ ಬಲದಿಂದ ನಿಂತಿದೆ.

ಆಮೇಲೆ ಕಾವಲು. ರಾತ್ರಿ ಹನ್ನೊಂದಕ್ಕೆ ಹೊಳೆ ಹತ್ತಿರ ಇರುವವರು ಯಾರು? ಹಣ ಎಲ್ಲಿಂದ ಬರುತ್ತದೆ, ಬಂದದ್ದು ಊರಲ್ಲೇ ಉಳಿಯುತ್ತದೋ ರಾಜಧಾನಿಯ ಖಜಾನೆಗೆ ಹೋಗುತ್ತದೋ? ಕೊನೆಗೆ ಕಾಲ: ವರ್ಷಪೂರ್ತಿ ಬಂದ್ ಬೇಕೋ, ಮೊಟ್ಟೆ ಇಡುವ ವಾರಗಳಷ್ಟೇ ಸಾಕೋ?

ಭಾರತ: ಗಟ್ಟಿ ಬೀಗ, ಬಾಗಿಲ ಹೊರಗೆ ಜನ

ನಮ್ಮ ದೇಶ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನೇ ಕಡಲಿಗೂ ಹಾಸಿತು. ಕಚ್ ಕೊಲ್ಲಿ 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಅಂಡಮಾನಿನ ವಂಡೂರು 1983ರಲ್ಲಿ, ತಮಿಳುನಾಡಿನ ಮನ್ನಾರ್ ಕೊಲ್ಲಿ 1986ರಲ್ಲಿ. ಮನ್ನಾರಿನಲ್ಲಿ ತೂತ್ತುಕುಡಿಯಿಂದ ರಾಮೇಶ್ವರದ ತನಕ ಸಾಲಾಗಿರುವ 21 ದ್ವೀಪಗಳೂ ಸುತ್ತಲಿನ ನೀರೂ ಸೇರಿ ಸುಮಾರು 560 ಚದರ ಕಿಲೋಮೀಟರ್. ನಡೆಸುವುದು ಅರಣ್ಯ ಇಲಾಖೆ. ಕಾಡಿನ ರಾಷ್ಟ್ರೀಯ ಉದ್ಯಾನದೊಳಗೆ ಜನರ ಹಕ್ಕು ಉಳಿಯುವುದಿಲ್ಲ. ಕಡಲಿಗೂ ಅದೇ ನಿಯಮ.

ಇದರ ಬೆಲೆ ಯಾರು ಕೊಟ್ಟರು ಅಂತ ನೋಡಬೇಕಾದರೆ ರಾಮನಾಥಪುರಂ ತೀರದ ಹೆಂಗಸರನ್ನು ನೋಡಬೇಕು. ಅವರು ಬೆರಳಿಗೆ ಬಟ್ಟೆ ಸುತ್ತಿಕೊಂಡು, ಕಣ್ಣಿಗೆ ಕನ್ನಡಕ ಬಿಗಿದು, ದ್ವೀಪಗಳ ಸುತ್ತಲಿನ ಆಳವಿಲ್ಲದ ನೀರಿಗೆ ಮುಳುಗಿ ಕಡಲಪಾಚಿ ಕಿತ್ತು ತರುತ್ತಾರೆ. ತಾಯಿಯಿಂದ ಮಗಳಿಗೆ ಬಂದ ಕೆಲಸ. ಉದ್ಯಾನದ ಗಡಿ ಬಂದಮೇಲೆ ಅದೇ ಕೆಲಸ ಅತಿಕ್ರಮ ಪ್ರವೇಶವಾಯಿತು. ಆಮೇಲೆ ಮನ್ನಾರ್ ಕೊಲ್ಲಿ ಜೀವಗೋಳ ಟ್ರಸ್ಟ್ ಬಂತು, ಸ್ವಸಹಾಯ ಸಂಘಗಳು ಬಂದವು, ಕೆಲವರಿಗೆ ಬೇರೆ ದುಡಿಮೆ ಸಿಕ್ಕಿತು. ಆದರೆ ಕ್ರಮ ತಿರುವುಮುರುವಾಗಿತ್ತು: ಮೊದಲು ಬೀಗ, ಆಮೇಲೆ ಮಾತುಕತೆ. ಮಹಾರಾಷ್ಟ್ರದ ಮಾಲ್ವಣದಲ್ಲಿ 1987ರಲ್ಲಿ ಬರೀ 29 ಚದರ ಕಿಲೋಮೀಟರಿಗೆ ಅಭಯಧಾಮ ಘೋಷಿಸಿದಾಗಲೂ ಮೀನುಗಾರರು ಒಪ್ಪಲಿಲ್ಲ, ವಿರೋಧ ದಶಕಗಟ್ಟಲೆ ನಡೆಯಿತು. ಕಡಲಲ್ಲಿ ಅಭಯಧಾಮ ಮಾಡುವಾಗ ಸ್ಥಳೀಯ ಮೀನುಗಾರರ ವೃತ್ತಿಯ ಹಿತ ಕಾಪಾಡಬೇಕು ಎಂದು ಅದೇ ಕಾಯ್ದೆಗೆ 1991ರಲ್ಲಿ ಸೇರಿದ 26ಎ ಕಲಮು ಹೇಳುತ್ತದೆ. ಆ ಎಚ್ಚರ ಮೊದಲ ದಿನವೇ ಇದ್ದಿದ್ದರೆ ಎಷ್ಟೋ ಜಗಳ ತಪ್ಪುತ್ತಿತ್ತು.

ಗಟ್ಟಿ ಬೀಗದ ಲಾಭವೂ ಸುಳ್ಳಲ್ಲ. ಒಡಿಶಾದ ಗಹಿರ್‌ಮಥಾ 1997ರಿಂದ ಕಡಲ ಅಭಯಧಾಮ, 1,435 ಚದರ ಕಿಲೋಮೀಟರ್. ನವೆಂಬರ್ 1ರಿಂದ ಮೇ 31ರವರೆಗೆ ಮೀನುಗಾರಿಕೆ ಬಂದ್, ಗಸ್ತು ದೋಣಿಗಳ ಕಾವಲು. ಲಕ್ಷಗಟ್ಟಲೆ ಆಲಿವ್ ರಿಡ್ಲೆ ಆಮೆಗಳು ಇವತ್ತಿಗೂ ಅಲ್ಲಿನ ಮರಳಿಗೆ ಬಂದು ಮೊಟ್ಟೆ ಇಡುತ್ತಿರುವುದರಲ್ಲಿ ಆ ಕಾವಲಿನ ಪಾಲು ದೊಡ್ಡದು. ಟ್ರಾಲರ್‌ನಂಥ ಬಲಿಷ್ಠ ಎದುರಾಳಿ ಇದ್ದಲ್ಲಿ ಪಂಚಾಯಿತಿ ಠರಾವಿನಿಂದ ಏನೂ ಆಗುವುದಿಲ್ಲ.

ನಮ್ಮ ಜಿಲ್ಲೆಯವರಿಗೆ ಅರಣ್ಯ ಇಲಾಖೆ ಅಂದರೆ ಒಂದು ಹೆದರಿಕೆ ಇದ್ದೇ ಇದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಸುತ್ತ ಬದುಕುವವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಇದೇ ಕಾಯ್ದೆಯಲ್ಲಿ 2002ರ ತಿದ್ದುಪಡಿಯಿಂದ ಬಂದ ಎರಡು ಮೆದು ದಾರಿಗಳನ್ನು ಗಮನಿಸಿ. ಸರ್ಕಾರಿ ಜಾಗಕ್ಕೆ ಸಂರಕ್ಷಣಾ ಮೀಸಲು, ಸಮುದಾಯದ ಅಥವಾ ಖಾಸಗಿ ಜಾಗಕ್ಕೆ ಸಮುದಾಯ ಮೀಸಲು. ಎರಡರ ಸಮಿತಿಯಲ್ಲೂ ಪಂಚಾಯಿತಿಯ ಪ್ರತಿನಿಧಿಗಳು ಕೂರುತ್ತಾರೆ. ಕೇರಳದ ಕಡಲುಂಡಿ–ವಳ್ಳಿಕ್ಕುನ್ನು ಅಳಿವೆ 2007ರಲ್ಲಿ ಸಮುದಾಯ ಮೀಸಲಾಯಿತು. ತಮಿಳುನಾಡು 2022ರಲ್ಲಿ ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರನ್ನು ಕಡಲಹಸುಗಳಿಗಾಗಿ (ಡುಗಾಂಗ್) ಕಾಯ್ದಿರಿಸಿದಾಗ ರಾಷ್ಟ್ರೀಯ ಉದ್ಯಾನದ ಹಾದಿ ಹಿಡಿಯದೆ ಸಂರಕ್ಷಣಾ ಮೀಸಲನ್ನು ಆಯ್ದುಕೊಂಡಿತು, ಮೀನುಗಾರರನ್ನು ಹೊರಗಟ್ಟಲಿಲ್ಲ. ಮನ್ನಾರಿನ ಪಕ್ಕದಲ್ಲೇ ಇಲಾಖೆ ತಾನೇ ಬದಲಾಯಿತು ಎಂಬುದು ನನಗೆ ದೊಡ್ಡ ಭರವಸೆ. ಇನ್ನೂ ಮೆದುವಾದದ್ದು ಬೇಕೆಂದರೆ 2002ರ ಜೀವವೈವಿಧ್ಯ ಕಾಯ್ದೆಯಡಿ ಪಾರಂಪರಿಕ ತಾಣವಿದೆ. ಕಡೂರು ತಾಲ್ಲೂಕಿನ ಹೊಗ್ರೇಕಾನ್‌ಗೆ ಆ ಸ್ಥಾನ ಸಿಕ್ಕಿದೆ, ಹೋಗಿ ಕೇಳಿಕೊಂಡು ಬರಬಹುದು.

ಶ್ರೀಲಂಕಾ: ಬೋರ್ಡು ಬದಲಾದರೆ ಸಾಲದು

ಶ್ರೀಲಂಕಾದ ದಾರಿ ನಮ್ಮದಕ್ಕೆ ಹತ್ತಿರ. 1937ರ ಪ್ರಾಣಿ ಮತ್ತು ಸಸ್ಯ ಸಂರಕ್ಷಣಾ ಸುಗ್ರೀವಾಜ್ಞೆ, ಅದನ್ನು ನಡೆಸುವ ವನ್ಯಜೀವಿ ಇಲಾಖೆ. ಜೊತೆಗೆ ಮೀನುಗಾರಿಕೆಗೆ 1996ರ ಬೇರೆ ಕಾಯ್ದೆ, ಬೇರೆ ಇಲಾಖೆ. ಕರಾವಳಿಯ ದಡಕ್ಕೆ 1981ರ ಇನ್ನೊಂದು ಕಾಯ್ದೆ, ಇನ್ನೊಂದು ಇಲಾಖೆ. ಒಂದೇ ಹವಳದ ದಿಬ್ಬದ ಮೇಲೆ ಮೂವರ ಅಧಿಕಾರ.

ಹಿಕ್ಕಡುವದ ಹವಳ 1979ರಲ್ಲಿ ಕಡಲ ಅಭಯಧಾಮ, 1998ರಲ್ಲಿ ಪ್ರಕೃತಿ ಮೀಸಲು, 2002ರಲ್ಲಿ ರಾಷ್ಟ್ರೀಯ ಉದ್ಯಾನ. ಹೆಸರು ಏರುತ್ತಲೇ ಹೋಯಿತು. ಆದರೆ ಗಾಜಿನ ತಳದ ದೋಣಿಗಳು ಹವಳಕ್ಕೆ ತಾಗುವುದು, ಪ್ರವಾಸಿಗರು ಅದರ ಮೇಲೆ ಕಾಲಿಟ್ಟು ನಿಲ್ಲುವುದು ನಿಲ್ಲಲಿಲ್ಲ. 1998ರಲ್ಲಿ ನೀರು ಬಿಸಿಯೇರಿ ಹವಳ ಬಿಳುಚಿದಾಗ ಮೊದಲೇ ಸೊರಗಿದ್ದ ದಿಬ್ಬ ಬಹುಪಾಲು ಸತ್ತಿತು. ಕಲ್ಪಿಟಿಯ ಬಳಿಯ ಬಾರ್ ರೀಫ್ ಎಂಬ ಹವಳದ ದಿಬ್ಬ 1992ರಿಂದ ಅಭಯಧಾಮ, 306 ಚದರ ಕಿಲೋಮೀಟರ್. ಅಷ್ಟು ದೊಡ್ಡ ಜಾಗ ಬಹುಕಾಲ ಕಾಗದದ ಮೇಲಷ್ಟೇ ರಕ್ಷಿತವಾಗಿತ್ತು.

ಶ್ರೀಲಂಕಾದಿಂದ ತೆಗೆದುಕೊಳ್ಳಬೇಕಾದದ್ದು ತೊಂಬತ್ತರ ದಶಕದಲ್ಲಿ ಹಿಕ್ಕಡುವ ಮತ್ತು ರೆಕವದಲ್ಲಿ ನಡೆದ ವಿಶೇಷ ಪ್ರದೇಶ ನಿರ್ವಹಣೆಯ ಪ್ರಯೋಗ. ಹೋಟೆಲಿನವರು, ದೋಣಿಯವರು, ಮೀನುಗಾರರು, ಇಲಾಖೆಯವರು ಒಂದೇ ಸಮಿತಿಯಲ್ಲಿ ಕೂತು ಯೋಜನೆ ಬರೆದರು. ನಮ್ಮಲ್ಲೂ ಹೊಳೆಯ ಮರಳಿಗೆ ಗಣಿ ಇಲಾಖೆ, ಮೀನಿಗೆ ಮೀನುಗಾರಿಕೆ ಇಲಾಖೆ, ನೀರಿಗೆ ನೀರಾವರಿ ನಿಗಮ, ದಡದ ಮರಕ್ಕೆ ಅರಣ್ಯ ಇಲಾಖೆ. ನೀವು ಯಾವ ದಾರಿ ಹಿಡಿದರೂ ಈ ನಾಲ್ವರನ್ನು ಒಂದು ದಿನ ಒಟ್ಟಿಗೆ ಕೂರಿಸದೆ ಮುಂದೆ ಹೋಗಬೇಡಿ.

ಮಾಲ್ಡೀವ್ಸ್: ಟಿಕೆಟ್ಟಿನ ಹಣದಲ್ಲಿ ಕಾವಲು

ಮಾಲ್ಡೀವ್ಸ್‌ಗೆ ಭೂಮಿಯೇ ಕಡಿಮೆ, ಕಡಲೇ ಎಲ್ಲ. 1993ರ ಪರಿಸರ ಕಾಯ್ದೆಯಡಿ 1995ರಲ್ಲಿ 15 ಡೈವಿಂಗ್ ತಾಣಗಳನ್ನು ರಕ್ಷಿಸಿದರು, 1999ರಲ್ಲಿ ಇನ್ನೂ 10. ಅವು ಸಣ್ಣ ಸಣ್ಣ ಚುಕ್ಕಿಗಳು. ನೋಡಬೇಕಾದದ್ದು ಬಾ ಹವಳದ್ವೀಪ ಸಮೂಹದ ಹನಿಫಾರು ಕೊಲ್ಲಿ. 2009ರಲ್ಲಿ ರಕ್ಷಣೆ ಬಂತು, 2011ರಲ್ಲಿ ಇಡೀ ಬಾ ಸಮೂಹ ಯುನೆಸ್ಕೊ ಜೀವಗೋಳ ಮೀಸಲಾಯಿತು.

ಹನಿಫಾರು ದೊಡ್ಡ ಜಾಗವಲ್ಲ. ನಮಗೆ ಮಳೆ ತರುವ ಅದೇ ನೈರುತ್ಯ ಮಾರುತದ ತಿಂಗಳುಗಳಲ್ಲಿ ಉಬ್ಬರದ ನೀರು ಆ ಚೀಲದಂಥ ಕೊಲ್ಲಿಯೊಳಕ್ಕೆ ಸೂಕ್ಷ್ಮಜೀವಿಗಳನ್ನು ತಂದು ತುಂಬುತ್ತದೆ. ಅದನ್ನು ತಿನ್ನಲು ಮಾಂಟಾ ಎಂಬ ದೊಡ್ಡ ತೊರಕೆ ಮೀನುಗಳು ಬರುತ್ತವೆ. ಕೆಲವು ದಿನ ನೂರಕ್ಕೂ ಹೆಚ್ಚು ಒಟ್ಟಿಗೆ, ಬಾಯಿ ತೆರೆದು, ಒಂದರ ಹಿಂದೊಂದು ಸುತ್ತು ಹೊಡೆಯುತ್ತವೆ. ನೋಡಲು ಬರುವ ದೋಣಿಗಳೇ ಮೀನಿಗಿಂತ ಹೆಚ್ಚಾದಾಗ ನಿಯಮ ಬಿಗಿಯಾಯಿತು. 2012ರಿಂದ ಸ್ಕೂಬಾ ನಿಷೇಧ, ಮೇಲ್ಮೈಯಲ್ಲಿ ಈಜುತ್ತಾ ನೋಡಬಹುದು ಅಷ್ಟೆ. ಒಮ್ಮೆಗೆ ಇಷ್ಟೇ ಜನ, ಇಷ್ಟೇ ಹೊತ್ತು. ಪ್ರವೇಶ ಶುಲ್ಕ ಬಾ ಸಂರಕ್ಷಣಾ ನಿಧಿಗೆ ಹೋಗುತ್ತದೆ, ಅದರಿಂದ ರೇಂಜರ್‌ಗಳ ಖರ್ಚು ನಡೆಯುತ್ತದೆ.

ಅಂದರೆ ಹಣ ಹುಟ್ಟಿದ ಜಾಗದಲ್ಲೇ ಉಳಿಯುತ್ತದೆ. ನಮ್ಮ ಜಲಪಾತಗಳ ಬಳಿ ವಸೂಲಾಗುವ ಪಾರ್ಕಿಂಗ್ ದುಡ್ಡು ಎಲ್ಲಿ ಹೋಗುತ್ತದೆ ಎಂದು ಊರವರೇ ಕೇಳುವ ಪರಿಸ್ಥಿತಿಗೆ ಇದನ್ನು ಹೋಲಿಸಿ ನೋಡಿ.

ಕೊರತೆ ಎರಡು. ಪ್ರವಾಸಿ ನಿಂತರೆ ಕಾವಲಿನ ದುಡ್ಡೂ ನಿಲ್ಲುತ್ತದೆ. 2020ರ ಮಾರ್ಚಿನಿಂದ ಜುಲೈ ನಡುವಿನ ತನಕ ಮಾಲ್ಡೀವ್ಸ್ ತನ್ನ ಗಡಿಯನ್ನೇ ಮುಚ್ಚಿತ್ತು. ಅಂಥ ತಿಂಗಳುಗಳಿಗೆ ನಿಧಿಯಲ್ಲಿ ಉಳಿತಾಯ ಇರಲೇಬೇಕು. ಎರಡನೆಯದು, ಟಿಕೆಟ್ಟು ಕೊಂಡು ನೋಡುವಷ್ಟು ಚೆಂದದ ಪ್ರಾಣಿ ಇದ್ದಲ್ಲಿ ಮಾತ್ರ ಈ ಲೆಕ್ಕ ಕೂಡುತ್ತದೆ. ಮಾಂಟಾಕ್ಕೆ ಜನ ಬರುತ್ತಾರೆ, ಕಲ್ಲುಮೀನಿಗೆ ಬರುವುದಿಲ್ಲ. ಆದರೂ 2010ರಲ್ಲಿ ದೇಶದ ಇಡೀ ನೀರಿನಲ್ಲಿ ಶಾರ್ಕ್ ಬೇಟೆಯನ್ನೇ ನಿಲ್ಲಿಸುವ ಧೈರ್ಯ ಆ ಪುಟ್ಟ ದೇಶಕ್ಕೆ ಬಂದದ್ದು ಈ ಲೆಕ್ಕದಿಂದಲೇ: ಸತ್ತ ಶಾರ್ಕ್‌ಗಿಂತ ಬದುಕಿದ ಶಾರ್ಕ್ ಹೆಚ್ಚು ದುಡಿಯುತ್ತದೆ.

ಬಾಂಗ್ಲಾದೇಶ: ಬಲೆ ಎತ್ತಿಟ್ಟವನಿಗೆ ಅಕ್ಕಿ

ದೊಡ್ಡ ಘೋಷಣೆಗಳು ಬಾಂಗ್ಲಾದೇಶದಲ್ಲೂ ಇವೆ. ಡಾಲ್ಫಿನ್, ತಿಮಿಂಗಿಲಗಳಿಗಾಗಿ 2014ರಲ್ಲಿ ಸ್ವಾಚ್ ಆಫ್ ನೋ ಗ್ರೌಂಡ್ ಎಂಬ ಆಳದ ಕಡಲಕಣಿವೆ, 1,738 ಚದರ ಕಿಲೋಮೀಟರ್. 2019ರಲ್ಲಿ ನಿಝುಂ ದ್ವೀಪ, 3,188. 2022ರಲ್ಲಿ ಸೇಂಟ್ ಮಾರ್ಟಿನ್ ದ್ವೀಪದ ಸುತ್ತ 1,743. ಕೆಲವು ವನ್ಯಜೀವಿ ಕಾಯ್ದೆಯಡಿ, ನಿಝುಂ ದ್ವೀಪ ಮೀನುಗಾರಿಕೆ ಕಾನೂನಿನಡಿ. ಸೇಂಟ್ ಮಾರ್ಟಿನ್‌ಗೆ ಈಗ ಚಳಿಗಾಲದಲ್ಲೂ ದಿನಕ್ಕೆ 2,000 ಪ್ರವಾಸಿಗರ ಮಿತಿ ಹಾಕಿದ್ದಾರೆ. ಮುಳ್ಳಯ್ಯನಗಿರಿಯ ವಾರಾಂತ್ಯದ ವಾಹನಸಾಲು ನೋಡಿದವರಿಗೆ ಆ ಮಿತಿಯ ಅರ್ಥ ಆಗುತ್ತದೆ.

ನಮ್ಮ ಹೊಳೆಗೆ ಹತ್ತಿರದ ಪಾಠ ಇರುವುದು ಹಿಲ್ಸಾ ಮೀನಿನ ಏರ್ಪಾಡಿನಲ್ಲಿ. ಹಿಲ್ಸಾ ಕಡಲಿನ ಮೀನು, ಮೊಟ್ಟೆ ಇಡಲು ಮೇಘನಾ, ಪದ್ಮಾ ನದಿಗಳನ್ನು ಹತ್ತುತ್ತದೆ. ಮೊದಲ ಮಳೆಗೆ ನಮ್ಮಲ್ಲಿ ಹತ್ತುಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ಕಾಲುವೆಗೆ ಏರುವುದನ್ನು ಮಲೆನಾಡಿನವರೆಲ್ಲ ಕಂಡಿದ್ದಾರೆ. ಹೊಟ್ಟೆ ತುಂಬ ಮೊಟ್ಟೆ ಹೊತ್ತು, ಮೊಳಕಾಲು ಮಟ್ಟದ ಕೆನ್ನೀರಿನಲ್ಲಿ ಬಾಲ ಬಡಿಯುತ್ತಾ ಮೇಲೇರುವ ಮೀನು, ಅದರ ಬಾಯಿಗೇ ಇಟ್ಟ ಕೂಣಿ ಎಂಬ ಬೋನು. ಹಿಂದೆ ಒಂದು ಮನೆಗೆ ಒಂದು ಕೂಣಿ ಇತ್ತು, ಹೊಳೆ ತಾಳಿಕೊಂಡಿತು. ಈಗ ಟಾರ್ಚು, ಬ್ಯಾಟರಿ ಕರೆಂಟು, ನೈಲಾನ್ ಬಲೆ ಒಟ್ಟಿಗೆ ಬರುತ್ತವೆ.

ಬಾಂಗ್ಲಾದೇಶ ಮಾಡಿದ್ದು ಇಷ್ಟು. 2005ರಿಂದ ನದಿಮುಖಗಳಲ್ಲಿ ಹಿಲ್ಸಾ ಅಭಯತಾಣಗಳನ್ನು ಗುರುತಿಸಿತು, ಈಗ ಅವು ಆರು. ಮರಿಮೀನು ಬೆಳೆಯುವ ತಿಂಗಳುಗಳಲ್ಲಿ ಅಲ್ಲಿ ಬಲೆ ಹಾಕುವಂತಿಲ್ಲ. ತಾಯಿಮೀನು ಮೊಟ್ಟೆ ಇಡುವ ಆಶ್ವಿನದ ಹುಣ್ಣಿಮೆಯ ಸುತ್ತ, ಅಂದರೆ ನಮ್ಮ ಭೂಮಿ ಹುಣ್ಣಿಮೆಯ ಹೊತ್ತಿಗೆ, 22 ದಿನ ದೇಶದಲ್ಲೆಲ್ಲೂ ಹಿಲ್ಸಾ ಹಿಡಿಯುವಂತಿಲ್ಲ, ಮಾರುವಂತಿಲ್ಲ. ಮೊದಲು ಹತ್ತು–ಹನ್ನೊಂದು ದಿನವಿದ್ದದ್ದನ್ನು ಹಂತಹಂತವಾಗಿ ಏರಿಸಿದರು. ಆ ದಿನಗಳಿಗೆ ಬದಲಾಗಿ ನೋಂದಾಯಿತ ಮೀನುಗಾರ ಕುಟುಂಬಕ್ಕೆ ಸರ್ಕಾರದ ಅಕ್ಕಿ. ಮರಿಮೀನಿನ ಕಾಲದಲ್ಲಿ ನಾಲ್ಕು ತಿಂಗಳು, ತಿಂಗಳಿಗೆ 40 ಕಿಲೋ. ಈ ಶತಮಾನದ ಆರಂಭದಲ್ಲಿ ವರ್ಷಕ್ಕೆ ಸುಮಾರು 2 ಲಕ್ಷ ಟನ್ ಇದ್ದ ಹಿಲ್ಸಾ ಇಳುವರಿ ಹದಿನೈದು ವರ್ಷದೊಳಗೆ 5 ಲಕ್ಷ ಟನ್ ದಾಟಿತು.

ಹೊಗಳಿ ಬಿಡುವಂತಿಲ್ಲ. ಅಕ್ಕಿ ತಡವಾಗಿ ಬರುತ್ತದೆ, ಪಟ್ಟಿಯಲ್ಲಿ ನಿಜವಾದ ಮೀನುಗಾರನ ಹೆಸರೇ ಬಿಟ್ಟುಹೋಗಿರುತ್ತದೆ ಎಂಬ ದೂರುಗಳು ಅಲ್ಲಿ ಸಾಮಾನ್ಯ. ಇನ್ನೂ ಆಳದ ತೊಂದರೆ ಸಾಲದ್ದು. ಅಲ್ಲಿನ ಮೀನುಗಾರ ಬಲೆ, ದೋಣಿಗೆಂದು ವ್ಯಾಪಾರಿಯಿಂದ ದಾದನ್ ಎಂಬ ಮುಂಗಡ ತಂದಿರುತ್ತಾನೆ. ಬಂದ್ ದಿನಗಳಲ್ಲಿ ಅಕ್ಕಿ ಹೊಟ್ಟೆ ತುಂಬಿಸಬಹುದು, ಕಂತು ಕಟ್ಟುವುದಿಲ್ಲ. ಹಾಗಾಗಿ ಕತ್ತಲಲ್ಲಿ ದೋಣಿ ಇಳಿಯುತ್ತದೆ. ಇಷ್ಟಿದ್ದರೂ ಕಳೆದುಕೊಳ್ಳುವವನು ಯಾರು ಎಂದು ಪಟ್ಟಿ ಮಾಡಿ ಅವನಿಗೊಂದು ಚೀಲ ಹೊರಿಸಿದ ಏರ್ಪಾಡು ಈ ನಾಲ್ಕರಲ್ಲಿ ನನಗೆ ಹೆಚ್ಚು ಮಾನವೀಯ ಅನ್ನಿಸುತ್ತದೆ. ಕಡಲಿನ ವಾರ್ಷಿಕ ಬಂದ್ ಅನ್ನು ಬಾಂಗ್ಲಾದೇಶ 2025ರಲ್ಲಿ ಏಪ್ರಿಲ್ 15ರಿಂದ ಜೂನ್ 11ಕ್ಕೆ ಬದಲಿಸಿ, ಭಾರತದ ಪೂರ್ವ ಕರಾವಳಿಯ ಬಂದ್‌ಗೆ ಹೊಂದಿಸಿತು. ತಮ್ಮ ಬಲೆ ಒಣಗುತ್ತಿರುವಾಗ ಪಕ್ಕದವರು ಹಿಡಿದುಕೊಂಡು ಹೋಗುತ್ತಾರೆ ಎಂಬುದು ಅಲ್ಲಿನ ಮೀನುಗಾರರ ಹಳೆಯ ದೂರಾಗಿತ್ತು. ಹೊಳೆಯ ಎದುರು ದಡ ಬೇರೆ ಪಂಚಾಯಿತಿಗೆ ಸೇರಿದ್ದರೆ ಈ ಮಾತನ್ನು ಗುರುತು ಹಾಕಿಟ್ಟುಕೊಳ್ಳಿ.

ಪಾಕಿಸ್ತಾನವನ್ನು ಬೇಗ ಮುಗಿಸಬಹುದು: ಬಲೂಚಿಸ್ತಾನದ ಅಸ್ತೋಲಾ ದ್ವೀಪ 2017ರಲ್ಲಿ, ಚುರ್ನಾ ದ್ವೀಪ 2024ರಲ್ಲಿ ರಕ್ಷಿತ ಕಡಲಾದವು. ಅಸ್ತೋಲಾದಲ್ಲಿ ಜನವಸತಿ ಇಲ್ಲ, ನಮ್ಮ ಪ್ರಶ್ನೆಗೆ ಅಲ್ಲಿಂದ ಹೆಚ್ಚು ಸಿಗುವುದಿಲ್ಲ.

ನಿಮ್ಮ ಮಡುವಿಗೆ ಯಾವುದು

ತೋಟೆ ಮತ್ತು ವಿಷ ನಿಲ್ಲಿಸುವುದಷ್ಟೇ ನಿಮ್ಮ ಗುರಿಯಾದರೆ ಹೊಸ ಘೋಷಣೆಯೇ ಬೇಡ. ಅವೆರಡೂ 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೇ ಅಪರಾಧ. ಕೊರತೆ ಇರುವುದು ದೂರು ಕೊಡುವವರದು. ಗ್ರಾಮಸಭೆ ಒಟ್ಟಾಗಿ ಒಂದು ಲಿಖಿತ ದೂರು ಕೊಟ್ಟರೆ ಒಬ್ಬೊಬ್ಬರೇ ಎದುರು ಹಾಕಿಕೊಳ್ಳುವ ಭಯ ತಪ್ಪುತ್ತದೆ. ಖರ್ಚು ಒಂದು ಅರ್ಜಿಯದು.

ದೇವಸ್ಥಾನದ ಹತ್ತಿರದ ಮಡು, ಮೀನನ್ನೇ ನಂಬಿದ ಮನೆಗಳಿಲ್ಲ ಎಂದಾದರೆ ಶೃಂಗೇರಿ, ರಾಮನಾಥಪುರದ ದಾರಿಯೇ ಸಾಕು. ಇಲಾಖೆಯನ್ನು ಕರೆದು ಬೋರ್ಡು ಹಾಕಿಸಬೇಡಿ, ಬೋರ್ಡಿಗಿಂತ ಹರಕೆಗೆ ಜನ ಹೆಚ್ಚು ಹೆದರುತ್ತಾರೆ.

ಕಾಫಿ ತೋಟದ ನಡುವಿನ ಹೊಳೆ, ಸುತ್ತ ಹೋಮ್‌ಸ್ಟೇಗಳು: ಇಲ್ಲಿ ಮಾಲ್ಡೀವ್ಸ್ ದಾರಿ ಕೆಲಸ ಮಾಡುತ್ತದೆ. ಅತಿಥಿಯೊಬ್ಬರಿಗೆ ಇಷ್ಟು ಅಂತ ನಿಧಿಗೆ ತೆಗೆದಿಡಿ, ಅದರಿಂದ ಊರಿನವರೇ ಇಬ್ಬರನ್ನು ಕಾವಲಿಗೆ ಇಡಿ. ಆ ಇಬ್ಬರು ಇವತ್ತಿನ ತನಕ ಬಲೆ ಹಾಕುತ್ತಿದ್ದವರೇ ಆದರೆ ಇನ್ನೂ ಒಳ್ಳೆಯದು. ಮೀನು ಎಲ್ಲಿ ಕೂರುತ್ತದೆ, ಕಳ್ಳ ಎಲ್ಲಿಂದ ಇಳಿಯುತ್ತಾನೆ ಅವರಿಗೆ ಗೊತ್ತು. ಆದರೆ ಜೂನ್–ಜುಲೈಯ ಜಡಿಮಳೆಯಲ್ಲಿ ಅತಿಥಿ ಕಡಿಮೆ, ಕಾವಲು ಬೇಕಾದದ್ದೂ ಆಗಲೇ. ಆ ಎರಡು ತಿಂಗಳ ಸಂಬಳ ಜನವರಿಯಲ್ಲೇ ಬ್ಯಾಂಕಿನಲ್ಲಿರಬೇಕು. ನೀರಿಗಿಳಿದು ಈಜುವ ಪ್ಯಾಕೇಜು ಮಾರಲು ಶುರುಮಾಡಿದರೆ ಹಿಕ್ಕಡುವದ ಗತಿ ನಮ್ಮ ಮಡುವಿಗೂ ಬರುತ್ತದೆ.

ಗೊರೂರು, ಯಗಚಿ ಹಿನ್ನೀರಿನಂಥ ಕಡೆ ಲೈಸೆನ್ಸ್ ಪಡೆದ ಮೀನುಗಾರರು ಇರುತ್ತಾರೆ. ಅಲ್ಲಿ ವರ್ಷಪೂರ್ತಿ ಬಂದ್ ಮಾಡುವ ಯೋಚನೆಯನ್ನೇ ಬಿಡಿ. ಬಾಂಗ್ಲಾದೇಶದಂತೆ ಕಾಲಕ್ಕೆ ಕಟ್ಟಿ, ಹಿನ್ನೀರಿಗೆ ಸೇರುವ ಹಳ್ಳಗಳ ಬಾಯನ್ನು ಮೊದಲ ಮಳೆಯ ಕೆಲವು ವಾರ ಬಿಟ್ಟುಕೊಡಿ. ನಷ್ಟ ಆಗುವ ಮನೆಗಳ ಪಟ್ಟಿಯನ್ನು ಸಹಕಾರ ಸಂಘವೇ ಮಾಡಲಿ. ನಮ್ಮಲ್ಲಿ ಸರ್ಕಾರದ ಅಕ್ಕಿ ಹೇಗೂ ಇದೆ, ಹಾಗಾಗಿ ಆ ವಾರಗಳಿಗೆ ಸಂಘದಿಂದ ನಗದು ಅಥವಾ ಉದ್ಯೋಗ ಖಾತ್ರಿಯ ಕೂಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮರಳು ದಂಧೆ, ಕಿರು ಜಲವಿದ್ಯುತ್ ಯೋಜನೆಯಂಥ ದೊಡ್ಡ ಎದುರಾಳಿ ಇದ್ದರೆ ಮಾತ್ರ ಗೆಜೆಟ್ ಬೇಕು. ಆಗಲೂ ಅಭಯಧಾಮಕ್ಕೆ ಅರ್ಜಿ ಹಾಕುವ ಮುಂಚೆ ಸಂರಕ್ಷಣಾ ಮೀಸಲನ್ನು ಕೇಳಿ. ಬಲ ಕಡಿಮೆ, ಹೌದು, ಆದರೆ ಸಮಿತಿಯಲ್ಲಿ ನಿಮ್ಮ ಕುರ್ಚಿ ಇರುತ್ತದೆ.

ಗ್ರಾಮಸಭೆಗೆ ಹೋಗುವ ಮುಂಚೆ ಆ ಹರಿವಿನ ಮೀನಿನ ಹಕ್ಕು ಯಾರ ಹೆಸರಿಗೆ ಹರಾಜಾಗಿದೆ ಎಂದು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಗುತ್ತಿಗೆದಾರ ಇದ್ದರೆ ಮೊದಲ ಮಾತು ಅವನ ಹತ್ತಿರವೇ ಆಗಬೇಕು. ಠರಾವಿನಲ್ಲಿ ಗಡಿಯನ್ನು ಯಾವ ಸೇತುವೆಯಿಂದ ಯಾವ ಬಂಡೆಯವರೆಗೆ ಅಂತ ಬರೆಯಿರಿ. ಸರ್ವೆ ನಂಬರಿನ ಗಡಿ ಹೊಳೆಗಿಳಿದವನಿಗೆ ಕಾಣುವುದಿಲ್ಲ. ಎದುರು ದಡದ ಪಂಚಾಯಿತಿಯ ಸಹಿ ಅದೇ ಹಾಳೆಯ ಮೇಲಿರಲಿ. ಮೇ ತಿಂಗಳೊಳಗೆ ಇಷ್ಟು ಮುಗಿದರೆ ಈ ವರ್ಷದ ಹತ್ತುಮೀನಿಗೇ ಅನ್ವಯಿಸಬಹುದು, ಇಲ್ಲದಿದ್ದರೆ ಇನ್ನೊಂದು ಮಳೆಗಾಲ ಕಾಯಬೇಕಾಗುತ್ತದೆ.